ಯಾರೂ ಉಳಿಸದ ವೀಳ್ಯ

ಸೊಪ್ಪಿನಕೆರೆಯ ಪಂಚಾಯ್ತಿಯಲ್ಲಿ ಕೈ ಎತ್ತಿ ಒಪ್ಪಿಗೆ ಕೊಡುವ ಪದ್ಧತಿ ಇರಲಿಲ್ಲ. ಪಟೇಲರು ತೀರ್ಮಾನ ಹೇಳಿ, ವೀಳ್ಯದ ತಟ್ಟೆಯನ್ನು ಸಾಲಿನಲ್ಲಿ ಕಳಿಸುತ್ತಿದ್ದರು. ಎಷ್ಟು ಜನ ಕೂತಿದ್ದಾರೋ ಅಷ್ಟು ವೀಳ್ಯ. ಒಪ್ಪಿದವನು ತನ್ನದನ್ನು ತೆಗೆದು ಬಾಯಿಗೆ ಹಾಕಿಕೊಳ್ಳಬೇಕು, ಒಪ್ಪದವನು ತಟ್ಟೆಯನ್ನು ಹಾಗೇ ಪಕ್ಕಕ್ಕೆ ದಾಟಿಸಬೇಕು. ಕೊನೆಗೆ ಒಂದೇ ಒಂದು ವೀಳ್ಯ ಉಳಿದರೂ ತೀರ್ಮಾನ ಬಿದ್ದುಹೋಗುತ್ತಿತ್ತು. ಒಬ್ಬನ ಮಾತಿಗೂ ಇಷ್ಟು ಬೆಲೆ ಕೊಡುವ ಊರು ಸುತ್ತಮುತ್ತ ಇನ್ನೊಂದಿಲ್ಲ ಎಂದು ಊರಿನವರು ನೆಂಟರ ಮುಂದೆ ಹೇಳಿಕೊಳ್ಳುತ್ತಿದ್ದರು. ಅಜ್ಜಂದಿರ ಕಾಲದಿಂದ ಒಂದು ವೀಳ್ಯವೂ ಉಳಿದದ್ದಿಲ್ಲ, ಅದು ಬೇರೆ ಮಾತು.

ಆ ಊರಿನ ನೀರುಗಂಟಿ ಜವರಯ್ಯ. ಕೆರೆಯ ತೂಬು ಎತ್ತಿ, ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ಅವನ ಅಪ್ಪನದೂ ಅದೇ ಕೆಲಸವಾಗಿತ್ತು. ಕೆರೆ ಏರಿಯ ಬುಡದ ಪುಟ್ಟ ಮನೆ ಆ ಕೆಲಸದ ಜೊತೆಗೇ ಬಂದದ್ದು.

ಕೆರೆ ಅರ್ಧಕ್ಕಿಳಿದಿದ್ದ ಒಂದು ವರ್ಷ, ರಾತ್ರಿ ಹೊತ್ತು ಯಾರೋ ಕದ್ದು ತೂಬು ಎತ್ತಿದರು. ಸರದಿ ತಪ್ಪಿ ನೀರು ಹರಿದುಹೋಯಿತು. ಕಾಲುವೆಯ ಕೊನೆಯವರು ಭತ್ತದ ಸಸಿ ಬೆಳೆಸಿದ್ದ ಒಟ್ಟಲು ಪಾತಿಗಳು ಒಣಗಿದವು. ಪಟೇಲ ಹುಚ್ಚೇಗೌಡರ ಭಾವಮೈದ ಮರಿಗೌಡ ಎಲ್ಲರಿಗಿಂತ ಮೊದಲು ಕೂಗಾಡಿದ. "ತೂಬು ಇರೋದು ಜವರನ ಕೈಲಿ. ಇನ್ಯಾರು ಎತ್ತುತಾರೆ? ಓಡಿಸಿ ಅವನನ್ನ!"

ಇನ್ಯಾರು ಎತ್ತಿದರು ಎನ್ನುವುದು ಅದೇ ಊರಿನ ರೈತ ತಮ್ಮಯ್ಯನಿಗೆ ಗೊತ್ತಿತ್ತು. ನೀರು ಹರಿದುಹೋದ ದಿನ ಬೆಳಗಾಗುವಾಗ ಅವನು ಎಮ್ಮೆಗೆ ನೀರು ಕುಡಿಸಲು ಹೋಗಿದ್ದ. ಸೊಂಟದವರೆಗೆ ನೆನೆದ ಮರಿಗೌಡ ತೂಬಿನ ಹತ್ತಿರದಿಂದ ಏರಿ ಹತ್ತಿ ಬರುತ್ತಿದ್ದ. ಎದುರು ಸಿಕ್ಕಾಗ ಕೇಳಿದ್ದು ಒಂದೇ ಮಾತು: "ಏನ್ ತಮ್ಮಯ್ಯ, ಎಮ್ಮೆ ಚೆನ್ನಾಗಿ ಹಾಲು ಕೊಡ್ತಾ ಇದೆಯಾ?" ಕೊಡುತ್ತಿದೆ ಎಂದು ತಮ್ಮಯ್ಯ ಉತ್ತರಿಸಿದ್ದ. ಅದು ನಿಜವೂ ಆಗಿತ್ತು.

ಪಂಚಾಯ್ತಿ ಸೇರಿತು. ಜವರಯ್ಯ ದೂರದಲ್ಲಿ ನಿಂತು, "ನಾನು ಎತ್ತಿಲ್ಲ ಅಯ್ಯಾ, ಕೆರೆಯಾಣೆಗೂ ಎತ್ತಿಲ್ಲ" ಎಂದ. ಪಟೇಲರು ಯಾರ ಮುಖವನ್ನೂ ನೋಡದೆ ತೀರ್ಮಾನ ಹೇಳಿದರು: "ಜವರ ಕೆಲಸ ಬಿಡಬೇಕು. ಮನೆ ಖಾಲಿ ಮಾಡಬೇಕು. ಒಪ್ಪಿದವರು ವೀಳ್ಯ ತಗೊಳ್ಳಿ."

ಸಾಲಿನ ತುದಿಯಲ್ಲಿ ಕೂತಿದ್ದ ತಮ್ಮಯ್ಯನಿಗೆ ಹೆಚ್ಚು ಭಯವಾಗಲಿಲ್ಲ. ತನಗಿಂತ ಮುಂಚೆ ಯಾರಾದರೂ ವೀಳ್ಯ ಬಿಟ್ಟೇ ಬಿಡುತ್ತಾರೆ ಎಂದುಕೊಂಡಿದ್ದ. ಮೊದಲು ಕೂತಿದ್ದವನು ಚನ್ನಯ್ಯ. ಮಗಳ ಮದುವೆಯ ದಿನವೇ ಬೀಗರ ತಪ್ಪನ್ನು ಚಪ್ಪರದಲ್ಲಿ ಎತ್ತಿ ಆಡಿದ ಗಟ್ಟಿಗ. ಚನ್ನಯ್ಯ ತಟ್ಟೆ ಹಿಡಿದು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ತೆಗೆದುಕೊಂಡ. ನಡುವೆ ಸಣ್ಣಪ್ಪನಿದ್ದ, ಕೆರೆಯಲ್ಲಿ ಮುಳುಗುತ್ತಿದ್ದ ಅವನನ್ನು ಹಿಂದೊಮ್ಮೆ ಜುಟ್ಟು ಹಿಡಿದು ಎಳೆದು ಹಾಕಿದ್ದು ಇದೇ ಜವರಯ್ಯ. ಸಣ್ಣಪ್ಪ ತೆಗೆದುಕೊಂಡು, ಸುಣ್ಣ ಕಡಿಮೆಯಾಗಿದೆ ಎಂದ.

ತಟ್ಟೆ ತಮ್ಮಯ್ಯನ ಮುಂದೆ ಬಂತು. ಒಂದೇ ವೀಳ್ಯ ಉಳಿದಿತ್ತು. ಊರೆಲ್ಲ ಬಾಯಿ ಆಡಿಸುತ್ತಾ ಅವನನ್ನೇ ನೋಡುತ್ತಿತ್ತು. ಇಷ್ಟು ಜನ ಒಪ್ಪಿದ್ದಾರೆಂದರೆ ಏನೋ ಇರಬೇಕು ಎಂದುಕೊಂಡ. ತಾನು ನೋಡಿದ್ದು ಅರೆಬೆಳಕಿನಲ್ಲಿ, ಕಣ್ಣು ತಪ್ಪಿರಬಹುದು. ತಟ್ಟೆ ಬರುವವರೆಗೂ ಆ ಬೆಳಕು ಅವನಿಗೆ ಸಾಕಾಗಿತ್ತು.

ಅವನೂ ತೆಗೆದುಕೊಂಡ.

ಮನೆಯ ದಾರಿಯಲ್ಲಿ ಚನ್ನಯ್ಯ ಜೊತೆಯಾದ. "ನೀನಾದರೂ ಬಿಡ್ತೀಯ ಅಂದ್ಕೊಂಡಿದ್ದೆ ಕಣೋ. ಮರಿಗೌಡನ ಒದ್ದೆ ಪಂಚೆ ಬೇಲಿ ಮೇಲಿದ್ದದ್ದು ನಾನೂ ಕಂಡಿದ್ದೀನಿ" ಎಂದ.

"ಮತ್ತೆ ನೀನು ಯಾಕೆ ಬಿಡಲಿಲ್ಲ?"

"ಮೊದಲನೆಯವನು ಹೇಗೋ ಬಿಡೋದು? ಹಿಂದೆ ಯಾರಾದ್ರೂ ಬರ್ತಾರೋ ಇಲ್ಲವೋ ಗೊತ್ತಿರಲ್ಲ."

"ಕೊನೆಯವನು ಹೇಗೆ ಬಿಡೋದು? ಎಲ್ಲರೂ ನುಂಗಿ ಆಗಿರುತ್ತೆ!"

ಹಿಂದಿನಿಂದ ಸಣ್ಣಪ್ಪನ ದನಿ ಬಂತು. "ನಡುವೆ ಕೂತವನ ಕಷ್ಟ ನಿಮಗೇನ್ರಪ್ಪಾ ಗೊತ್ತು."

ತಮ್ಮಯ್ಯನಿಗೆ ಅಂದು ಊಟ ಸೇರಲಿಲ್ಲ. ಮಾರನೆಯ ದಿನ ಧೈರ್ಯ ಮಾಡಿ ಪಟೇಲರ ಮನೆಗೆ ಹೋದ. ಜಗಲಿಯ ಮೇಲೆ ಕೂತಿದ್ದ ಪಟೇಲರು ಅವನ ಮಾತನ್ನೆಲ್ಲ ಕೇಳಿ, ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಗೊತ್ತು ಕಣಯ್ಯ. ಅವನು ನನ್ನ ಹೆಂಡ್ತಿ ತಮ್ಮ. ನನ್ನ ಬಾಯಿಂದ ಅವನ ಹೆಸರು ಬಂದ್ರೆ ಈ ಮನೇಲಿ ಒಲೆ ಉರಿಯಲ್ಲ. ಒಂದು ವೀಳ್ಯ ಉಳೀಲಿ, ಊರು ಒಪ್ಪಲಿಲ್ಲ ಅಂತ ಕೈ ತೊಳ್ಕೊಳ್ಳೋಣ ಅಂತ ಇದ್ದೆ. ತಟ್ಟೇನ ನೆಕ್ಕಿದ ಹಾಗೆ ಮಾಡಿ ಕಳಿಸಿದ್ರಲ್ಲ!"

"ಇನ್ನೊಂದು ಸಲ ಪಂಚಾಯ್ತಿ ಕರೀರಿ ಗೌಡ್ರೇ."

"ಕರೀತೀನಿ. ಮರಿಗೌಡನ್ನ ತೂಬಿನ ಹತ್ರ ಕಂಡೆ ಅಂತ ಎದ್ದು ನಿಂತು ಹೇಳ್ತೀಯಾ?"

ತಮ್ಮಯ್ಯ ಜಗಲಿಯ ಕಂಬವನ್ನು ನೋಡಿದ. "ಬೇರೆ ಯಾರಾದ್ರೂ ಮೊದಲು ಹೇಳಿದ್ರೆ, ನಾನೂ ಹೌದು ಅಂತೀನಿ."

"ಬೆಳಿಗ್ಗೆಯಿಂದ ಬಂದವರೆಲ್ಲ ಹಾಗೇ ಅಂದ್ರು" ಎಂದರು ಪಟೇಲರು.

ತಮ್ಮಯ್ಯನ ಮುಖ ಸುಟ್ಟಂತಾಯಿತು. ಪಟೇಲರದೂ ಹಾಗೇ ಆಗಿದ್ದಿರಬೇಕು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಜವರಯ್ಯ ಹೊರಟ ದಿನ ಊರಿನವರೆಲ್ಲ ಏರಿಯ ಮೇಲೆ ಬಂದು ನಿಂತರು. ಗಾಡಿಯಲ್ಲಿ ಪಾತ್ರೆ, ಚಾಪೆ, ಕೋಳಿಗೂಡು. ಅವನ ಹೆಂಡತಿ ಯಾರ ಕಡೆಗೂ ತಿರುಗದೆ ಗಾಡಿಯ ಹಿಂದೆ ನಿಂತಿದ್ದಳು. ಜವರಯ್ಯ ಮಾತ್ರ ತಮ್ಮಯ್ಯನ ಹತ್ತಿರ ಬಂದ. ಬೈದಿದ್ದರೆ ತಮ್ಮಯ್ಯ ತಲೆ ತಗ್ಗಿಸಿ ಕೇಳಿಕೊಳ್ಳುತ್ತಿದ್ದ.

"ಅಯ್ಯಾ, ನನಗೊಂದು ಅನುಮಾನ" ಎಂದ ಜವರಯ್ಯ. "ಊರಿಗೆ ಊರೇ ವೀಳ್ಯ ತಗೊಂಡಿತು. ಅಷ್ಟು ಜನ ಸುಳ್ಳು ಹೇಳ್ತಾರಾ? ನಿದ್ದೆಗಣ್ಣಲ್ಲಿ ನಾನೇ ಎದ್ದು ಹೋಗಿ ತೂಬು ಎತ್ತಿಬಿಟ್ಟೆನೇನೋ ಅಂತ ಈಗ ನನಗೇ ಅನ್ನಿಸ್ತಾ ಇದೆ. ನೀವು ಬೆಳಗಾಗುವಾಗ ಎಮ್ಮೆ ಹೊಡ್ಕೊಂಡು ಬರೋರು. ನನ್ನನ್ನೇನಾದ್ರೂ ಕಂಡಿದ್ರಾ?"

ತಮ್ಮಯ್ಯ ಬಾಯಿ ತೆರೆದ. ಒಂದು ಹೆಸರು ಹೇಳಿದರೆ ಸಾಕಿತ್ತು. ಅಕ್ಕಪಕ್ಕ ನೋಡಿದ. ಚನ್ನಯ್ಯ ಅವನನ್ನು ನೋಡುತ್ತಿದ್ದ. ಸಣ್ಣಪ್ಪ ಚನ್ನಯ್ಯನನ್ನು ನೋಡುತ್ತಿದ್ದ. ಪಟೇಲರು ಕೆರೆ ನೋಡುತ್ತಿದ್ದರು.

"ದಾರೀಲಿ ಹುಷಾರು ಜವರ" ಎಂದ ತಮ್ಮಯ್ಯ.

ಒಬ್ಬ ಮೊದಲು ಹೇಳಿದ ಮೇಲೆ ಉಳಿದವರಿಗೆ ಸುಲಭವಾಯಿತು. ಹುಷಾರು, ಹುಷಾರು ಎಂದು ಎಲ್ಲರೂ ದನಿಗೂಡಿಸಿದರು.

ನೀತಿ: ಊರೆಲ್ಲ ಒಪ್ಪಿದಂತೆ ಕಾಣುವಾಗ, ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ ಎಂದಷ್ಟೇ ಅರ್ಥವಿರಬಹುದು. ಕಂಡ ಸತ್ಯವನ್ನು ಇನ್ನೊಬ್ಬರು ಮೊದಲು ಹೇಳಲಿ ಎಂದು ಕಾಯುವವನು ಸುಳ್ಳಿಗೆ ಒಪ್ಪಿಗೆ ಕೊಟ್ಟವನೇ. ಅಂಥವರ ಮೌನ ಸೇರಿ ಸೇರಿ, ಕೊನೆಗೆ ನಿರಪರಾಧಿಯೂ ತನ್ನನ್ನೇ ಅನುಮಾನಿಸುವಂತಾಗುತ್ತದೆ.