ನೆಲಕ್ಕೆ ಹೊಡೆದ ಕೈ

“ಗುರುಗಳೇ, ನನಗೆ ಸರಿಹೊಂದುವ ಊರು ಯಾವುದು? ತಾವೇ ಹೇಳಬೇಕು,” ಎಂದು ಶಿಷ್ಯ ಚನ್ನಮಲ್ಲ ಕೇಳಿದ.

ಅವನು ಹೀಗೆ ಕೇಳಲು ಕಾರಣವಿತ್ತು. ಗುರುಗಳು ಅವನನ್ನು ಮಕ್ಕಳಿಗೆ ಅಕ್ಷರ ಕಲಿಸಲೆಂದು ಒಂದೂರಿಗೆ ಕಳಿಸಿದ್ದರು. ಅಲ್ಲಿ ಶಾಲೆ ನಿಲ್ಲಲಿಲ್ಲ. ಎರಡನೆಯ ಊರಿಗೆ ಕಳಿಸಿದರು. ಅಲ್ಲಿಯೂ ನಿಲ್ಲಲಿಲ್ಲ. ಮೂರನೆಯ ಊರಿನಿಂದ ಆ ದಿನ ಬೆಳಿಗ್ಗೆಯಷ್ಟೇ ಗಂಟುಮೂಟೆ ಕಟ್ಟಿಕೊಂಡು ಬಂದಿದ್ದ. ಮೊದಲನೆಯ ಊರಿನ ಜನ ಒರಟರು, ಎರಡನೆಯ ಊರಿನ ಹಿರಿಯರು ಜಿಪುಣರು, ಮೂರನೆಯ ಊರಿನ ಮಕ್ಕಳು ಕಪಿಗಳು ಎಂದು ವಿವರವಾಗಿ ಹೇಳಿದ. ಒಳ್ಳೆಯ ಊರು ಸಿಕ್ಕರೆ ಹೋಗುವುದು, ಸಿಗದಿದ್ದರೆ ಕಲಿಸುವ ಕೆಲಸಕ್ಕೇ ಕೈಮುಗಿಯುವುದು ಎಂದು ಮನಸ್ಸಿನಲ್ಲಿ ತೀರ್ಮಾನಿಸಿದ್ದ.

ಗುರುಗಳು ಯಾವ ಊರಿನ ಹೆಸರನ್ನೂ ಹೇಳಲಿಲ್ಲ. “ಕುಳಿತುಕೋ,” ಎಂದು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಮದುವೆಯಾಗಿ ಬಹಳ ವರ್ಷ ಅವನಿಗೆ ಮಕ್ಕಳಿರಲಿಲ್ಲ. ಮೀಸೆ ನರೆಯುವ ಹೊತ್ತಿಗೆ ಒಂದು ಗಂಡು ಮಗು ಹುಟ್ಟಿತು. ಇಷ್ಟು ಹೇಳಿದರೆ ಅವನು ಮಗುವನ್ನು ಹೇಗೆ ಸಾಕಿದನೆಂದು ತಿಳಿಯುತ್ತದೆ. ಆದರೂ ಹೇಳಬೇಕು. ಮಗು ಅತ್ತದ್ದು ಕೇಳಿದರೆ ಅವನು ತಕ್ಕಡಿಯಲ್ಲಿ ಬೆಲ್ಲ ಇದ್ದಂತೆಯೇ ಬಿಟ್ಟು ಓಡಿಬರುತ್ತಿದ್ದ.

ಮಗು ನಡೆಯಲು ಎದ್ದು ನಿಂತಿತು. ಎದ್ದು ನಿಂತ ಮಗು ಬೀಳುವುದು ಸಹಜ. ಬಿದ್ದಾಗ ನಮ್ಮ ಕಡೆಯ ಹಿರಿಯರು ಏನು ಮಾಡುತ್ತಾರೋ ವ್ಯಾಪಾರಿಯೂ ಅದನ್ನೇ ಮಾಡಿದ. “ನನ್ನ ಮಗನನ್ನು ಬೀಳಿಸಿದೆಯಾ? ತಗೋ,” ಎಂದು ಅಂಗೈಯಿಂದ ನೆಲಕ್ಕೆ ಪಟಪಟನೆ ಹೊಡೆದ. ಮಗು ಅಳು ನಿಲ್ಲಿಸಿ ನಕ್ಕಿತು. ಒಮ್ಮೆ ಹೀಗೆ ಮಾಡಿದರೆ ಅದು ಆಟ. ವ್ಯಾಪಾರಿ ಅದನ್ನು ಆಟವಾಗಿ ಉಳಿಸಲಿಲ್ಲ. ಮಗುವಿನ ಹಣೆಗೆ ಕಂಬ ತಾಗಿದರೆ ಕಂಬಕ್ಕೆ ಹೊಡೆದ. ಹೊಸ್ತಿಲು ಎಡವಿಸಿದರೆ ಹೊಸ್ತಿಲಿಗೆ ಹೊಡೆದ. ಬೀಸುವ ಕಲ್ಲಿಗೂ ಏಟು ಬಿತ್ತು. ಸುಮ್ಮನೆ ಮಲಗಿದ್ದ ಬೆಕ್ಕಿಗೂ ಒಮ್ಮೆ ಬಿತ್ತು. ಮಗುವನ್ನು ಸಮಾಧಾನ ಮಾಡುವ ವಿದ್ಯೆ ತನಗೆ ಒಲಿದಿದೆ ಎಂದು ಅವನು ಹೆಮ್ಮೆಪಟ್ಟ.

ಮಗು ಎಲ್ಲವನ್ನೂ ನೋಡುತ್ತಿತ್ತು. ಅಪ್ಪ ದಿನವೂ ಯಾರಿಗೆ ಹೊಡೆಯುತ್ತಾನೋ ಅವರು ಕೆಟ್ಟವರಾಗಿರಲೇಬೇಕು. ಮಗುವಿನ ಲೆಕ್ಕ ಅಷ್ಟೇ. ಅದರಲ್ಲಿ ತಪ್ಪೂ ಇರಲಿಲ್ಲ. ಮೊದಮೊದಲು ಅದು ಬಿದ್ದರೆ ನೆಲಕ್ಕೆ ಏಟು ಬೀಳುವ ತನಕ ಏಳುತ್ತಿರಲಿಲ್ಲ. ಆಮೇಲೆ ನೆಲಕ್ಕೆ ಕಾಲು ಇಡುವುದನ್ನೇ ಬಿಟ್ಟುಬಿಟ್ಟಿತು. ಇಳಿಸಲು ಹೋದರೆ “ನೆಲ ಕೆಟ್ಟದು,” ಎಂದು ಕಾಲು ಮಡಚಿ ಅಪ್ಪನ ಕೊರಳಿಗೆ ಬಾವಲಿಯಂತೆ ಜೋತುಬೀಳುತ್ತಿತ್ತು.

ಎರಡು ವರ್ಷ ತುಂಬಿತು. ಓರಗೆಯ ಮಕ್ಕಳು ಬೀದಿಯಲ್ಲಿ ಓಡುತ್ತಿದ್ದರೆ ಈ ಮಗು ಅಪ್ಪನ ಸೊಂಟದ ಮೇಲೇ ಇತ್ತು. ವೈದ್ಯರು ಕಾಲು ಹಿಡಿದು ನೋಡಿ, ಕಾಲಿನಲ್ಲಿ ದೋಷವಿಲ್ಲ ಎಂದರು. ಪೇಟೆಯವರು ಸುಮ್ಮನಿರಲಿಲ್ಲ. ವ್ಯಾಪಾರಿಯ ಹೆಂಡತಿಯೂ ಸುಮ್ಮನಿರಲಿಲ್ಲ.

“ಹೀಗೇ ಇಟ್ಟುಕೊಂಡಿರಿ. ಅವನಿಗೆ ಗಡ್ಡ ಮೀಸೆ ಬರುವುದೂ ನಿಮ್ಮ ಸೊಂಟದ ಮೇಲೇ,” ಎಂದಳು. “ಗರಡಿಯಲ್ಲಿ ಎಳೆಯ ಮಕ್ಕಳಿಗೆ ಬೆಳಗಿನ ಪಾಠವಿದೆಯಂತೆ. ನಾಳೆ ಕರೆದುಕೊಂಡು ಹೋಗಿ.”

ವ್ಯಾಪಾರಿ ಹೋದ.

ಆ ಗರಡಿಯ ಪಾಠ ಹೀಗಿತ್ತು. ದೊಡ್ಡ ಪೈಲ್ವಾನರ ಸಾಧನೆ ಮುಗಿದ ಮೇಲೆ ಪುಟ್ಟ ಮಕ್ಕಳು ಸಾಲಾಗಿ ಬರುತ್ತಿದ್ದರು. ಕುಸ್ತಿಯಾಡುವ ಕೆಮ್ಮಣ್ಣಿನ ಅಖಾಡಕ್ಕೆ ಇಳಿಯುವ ಮೊದಲು ಪ್ರತಿಯೊಬ್ಬರೂ ಆ ಮಣ್ಣನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಆಮೇಲೆ ಅಡ್ಡ ಮಲಗಿಸಿದ ಮರದ ದಿಮ್ಮಿಯ ಮೇಲೆ ನಡೆಯುವುದು, ಕಟ್ಟಿದ ಹಗ್ಗದ ಕೆಳಗೆ ತೂರುವುದು, ಕೊನೆಗೆ ಮಣ್ಣಿನಲ್ಲಿ ಉರುಳುವುದು. ಕುಸ್ತಿ ಕಲಿಸುವ ಉಸ್ತಾದರೇ ಇದನ್ನೂ ಕಲಿಸುತ್ತಿದ್ದರು. ತಂದೆತಾಯಿ ಬದಿಯಲ್ಲಿ ನಿಂತು ನೋಡುತ್ತಿದ್ದರು.

ವ್ಯಾಪಾರಿ ಬಹಳ ಕಷ್ಟಪಟ್ಟು, ಮಗುವಿನ ಕೈಬೆರಳುಗಳನ್ನು ತನ್ನ ಕೊರಳಿನಿಂದ ಒಂದೊಂದಾಗಿ ಬಿಡಿಸಿ, ಅದನ್ನು ಅಖಾಡದಲ್ಲಿ ನಿಲ್ಲಿಸಿದ. ಮಗು ತೂರಾಡಿ ಬಿತ್ತು. ಮಣ್ಣು ಮೆತ್ತಗಿತ್ತು, ನೋವಾಗಲಿಲ್ಲ. ಆದರೂ ರೂಢಿಯಂತೆ ಅತ್ತಿತು. ರೂಢಿಯಂತೆ ವ್ಯಾಪಾರಿಯೂ ಕುಪ್ಪಳಿಸಿ ಹೋಗಿ ಆ ಮಣ್ಣಿಗೆ ಹೊಡೆದ. “ತಗೋ. ಇನ್ನೂ ಬೇಕಾ? ತಗೋ.”

ಬದಿಯಲ್ಲಿ ಇನ್ನೂ ಗದೆ ತಿರುಗಿಸುತ್ತಿದ್ದ ಪೈಲ್ವಾನ ಗದೆ ಇಳಿಸಿದ. ವ್ಯಾಪಾರಿಗೆ ತಾನು ಮಾಡಿದ್ದೇನೆಂದು ತಿಳಿಯಲಿಲ್ಲ. ಪೈಲ್ವಾನರಿಗೆ ಆ ಮಣ್ಣು ಬರಿಯ ಮಣ್ಣಲ್ಲ. ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡುತ್ತಾರೆ. ಅದಕ್ಕೆ ಪೂಜೆ ಮಾಡುತ್ತಾರೆ. ಅದನ್ನು ತಾಯಿ ಎನ್ನುತ್ತಾರೆ. ಒಬ್ಬ ಪೈಲ್ವಾನ ಮೀಸೆ ಕುಣಿಸುತ್ತ ಮುಂದೆ ಬಂದ. ಉಸ್ತಾದರು ಅವನನ್ನು ಕಣ್ಣಿನಲ್ಲೇ ತಡೆದರು.

“ಸಾಹುಕಾರರೇ, ಕೈ ನೋಯಲಿಲ್ಲವೇ?” ಎಂದು ಕೇಳಿದರು.

“ಇಲ್ಲ ಉಸ್ತಾದರೇ. ರೂಢಿಯಾಗಿಬಿಟ್ಟಿದೆ.”

“ಇಲ್ಲಿ ಬೀಳದವನು ಒಬ್ಬನೂ ಇಲ್ಲ. ಬಿದ್ದವರನ್ನೆಲ್ಲ ಹಿಡಿದುಕೊಂಡದ್ದು ಈ ಮಣ್ಣು. ಹಿಡಿದುಕೊಂಡವರಿಗೇ ಹೊಡೆದರೆ ಹೇಗೆ?” ಎಂದರು. “ನಾಳೆಯಿಂದ ಮಗು ದಂಡೆಯಲ್ಲಿ ಕುಳಿತಿರಲಿ. ಮಣ್ಣು ಹದ ಮಾಡುವ ಕೆಲಸ ನಿಮ್ಮದು. ವಿಜಯದಶಮಿಗೆ ಮಕ್ಕಳು ಜನರ ಮುಂದೆ ಸಾಲಾಗಿ ದಿಮ್ಮಿಯ ಮೇಲೆ ನಡೆಯುತ್ತಾರೆ. ಅಷ್ಟರಲ್ಲಿ ಅವನು ತಾನಾಗಿ ಇಳಿದರೆ ನನ್ನ ಶಿಷ್ಯ. ಇಳಿಯದಿದ್ದರೆ ಕರೆದುಕೊಂಡು ಹೋಗಿಬಿಡಿ. ಸೊಂಟದ ಮೇಲೆ ಕೂತವನಿಗೆ ಕಲಿಸುವ ವಿದ್ಯೆ ನನಗೆ ಗೊತ್ತಿಲ್ಲ.”

ಬೆಲ್ಲದ ಅಚ್ಚು, ಮಗ ಇಷ್ಟು ಬಿಟ್ಟರೆ ಬೇರೆ ಭಾರ ಎತ್ತಿದವನಲ್ಲ ವ್ಯಾಪಾರಿ. ಆದರೆ ಮಗ ನಡೆಯಬೇಕಿತ್ತು. ಅವನು ಒಪ್ಪಿದ.

ಪ್ರತಿದಿನ ಬೆಳಿಗ್ಗೆ ಮಗುವನ್ನು ದಂಡೆಯ ಹಲಗೆಯ ಮೇಲೆ ಕೂರಿಸಿ, ಪಂಚೆ ಎತ್ತಿ ಕಟ್ಟಿ, ಗುದ್ದಲಿ ಹಿಡಿದ. ಅಗೆಯುವ ಮುಂಚೆ ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು ಎಂದು ಉಸ್ತಾದರು ಹೇಳಿದ್ದರು. ಮೊದಲು ಅವರು ನೋಡುತ್ತಾರೆಂದು ಒತ್ತಿಕೊಂಡ. ಬರುಬರುತ್ತ ಯಾರೂ ನೋಡದಿದ್ದರೂ ಒತ್ತಿಕೊಂಡ. ಹೆಂಟೆಗಳನ್ನು ಅಂಗೈಯಲ್ಲಿ ಪುಡಿಮಾಡಿದ. ಚೂಪು ಕಲ್ಲುಗಳನ್ನು ಆರಿಸಿ ಎಸೆದ. ತಾಯಿ ಮಗುವಿನ ತಲೆಗೆ ಎಣ್ಣೆ ತಟ್ಟುವಂತೆ ಮಣ್ಣಿಗೆ ಎಣ್ಣೆ ತಟ್ಟಿದ. ಮಗು ಹಲಗೆಯ ಮೇಲೆ ಕುಳಿತು ಬಾಯಿ ತೆರೆದು ನೋಡುತ್ತಿತ್ತು. ಅದು ಬೆರಗಿನ ಸಂಗತಿಯೇ. ದಿನವೂ ಹೊಡೆಯುತ್ತಿದ್ದ ಕೈ ಈಗ ಸವರುತ್ತಿತ್ತು.

ಆದರೂ ಮಗು ಇಳಿಯಲಿಲ್ಲ. ವಿಜಯದಶಮಿ ಬಂದೇಬಿಟ್ಟಿತು.

ಗರಡಿಗೆ ತೋರಣ ಕಟ್ಟಿದ್ದರು. ಪೇಟೆಯ ಅರ್ಧ ಜನ ಅಲ್ಲಿದ್ದರು. ಮಕ್ಕಳು ಒಬ್ಬೊಬ್ಬರಾಗಿ ದಿಮ್ಮಿಯ ಮೇಲೆ ನಡೆದರು. ವ್ಯಾಪಾರಿಯ ಮಗನ ಸರದಿ ಬಂತು. ಮಗು ಹಲಗೆ ಬಿಟ್ಟು ಕದಲಲಿಲ್ಲ. ವ್ಯಾಪಾರಿ ಅಖಾಡದ ನಡುವೆ ನಿಂತು ಕೈ ಚಾಚಿ, “ಬಾ ಕಂದ,” ಎಂದ. ಬರಲಿಲ್ಲ. ಇನ್ನು ಮಗನನ್ನು ಎತ್ತಿಕೊಂಡು ಮನೆಗೆ ಹೋಗುವುದೇ ಸರಿ ಎಂದು ಹಲಗೆಯ ಕಡೆ ಹೆಜ್ಜೆ ಇಟ್ಟ. ತಾನೇ ಮಜ್ಜಿಗೆ ಸುರಿದು ಹದ ಮಾಡಿದ್ದ ಜಾಗದಲ್ಲಿ ಅವನ ಕಾಲು ಜಾರಿತು. ಅಷ್ಟು ದೊಡ್ಡ ಸಾಹುಕಾರ ಜನರ ಮುಂದೆ ಅಂಗಾತ ಬಿದ್ದ.

ಜನ ಗೊಳ್ಳೆಂದು ನಕ್ಕರು. ಮಗು ನಗಲಿಲ್ಲ. ಅದು ಅಪ್ಪನ ಕೈಯನ್ನೇ ನೋಡುತ್ತಿತ್ತು.

ವ್ಯಾಪಾರಿಯ ಕೈ ಹಳೆಯ ರೂಢಿಯಿಂದ ಮೇಲೆದ್ದಿತು. ಒಂದು ಕ್ಷಣ ಹಾಗೆಯೇ ನಿಂತಿತು. ಆಮೇಲೆ ಮೆಲ್ಲನೆ ಇಳಿದು ಮಣ್ಣನ್ನು ತಟ್ಟಿತು, ದೂರದೂರಿನಿಂದ ಬಂದ ನೆಂಟನ ಬೆನ್ನು ತಟ್ಟಿದ ಹಾಗೆ. ಅವನು ಆ ಮಣ್ಣನ್ನು ಕಣ್ಣಿಗೆ ಒತ್ತಿಕೊಂಡು ಎದ್ದು ಕುಳಿತ.

ಮಗು ಹಲಗೆಯಿಂದ ಜಾರಿ ಇಳಿಯಿತು.

ಯಾರೂ ಇಳಿಸಲಿಲ್ಲ, ತಾನಾಗಿ ಇಳಿಯಿತು. ಮಣ್ಣಿನ ಮೇಲೆ ನಿಂತಿತು. ಅಪ್ಪನ ಕಡೆ ನಡೆಯಿತು. ಅರ್ಧ ದಾರಿಯಲ್ಲಿ ಮುಗ್ಗರಿಸಿ ಬಿತ್ತು. ಓಡಿಹೋಗಿ ಎತ್ತಿಕೊಳ್ಳಬೇಕೆಂದು ವ್ಯಾಪಾರಿಯ ಮೈಯೆಲ್ಲ ಹೇಳಿತು. ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕುಳಿತ. ಅವನು ಬದುಕಿನಲ್ಲಿ ಎತ್ತಿದ ಅತಿ ದೊಡ್ಡ ಭಾರ ಅದೇ.

ಮಗು ಅಳಲಿಲ್ಲ. ಪುಟ್ಟ ಅಂಗೈಯಿಂದ ಮಣ್ಣು ತಟ್ಟಿತು. ಕಣ್ಣಿಗೆ ಒತ್ತಿಕೊಂಡಿತು. ಮೂಗಿಗೂ ಬಾಯಿಗೂ ಮೆತ್ತಿಕೊಂಡಿತು. ಎದ್ದಿತು. ಅಪ್ಪನನ್ನು ದಾಟಿಕೊಂಡು ಹೋಗಿ ನೇರವಾಗಿ ದಿಮ್ಮಿ ಹತ್ತಿತು, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಿತು.

ಪೈಲ್ವಾನರೆಲ್ಲ ಒಟ್ಟಿಗೆ ತೊಡೆ ತಟ್ಟಿದರು. ಆ ಸದ್ದಿಗೆ ತೋರಣ ಅಲುಗಿತು. ಮಗುವೂ ಬಾಗಿ ತನ್ನ ತೊಡೆ ತಟ್ಟಿತು. ಅಂದು ಮೀಸೆ ಕುಣಿಸಿದ್ದ ಪೈಲ್ವಾನನೇ ಮೊದಲು ಹೋಗಿ ವ್ಯಾಪಾರಿಯನ್ನು ಕೈಹಿಡಿದು ಎಬ್ಬಿಸಿದ. ಉಸ್ತಾದರು ಮಗುವಿನ ಹಣೆಗೆ ಮಣ್ಣಿನ ತಿಲಕ ಇಟ್ಟು, “ಇವನು ನನ್ನ ಶಿಷ್ಯ,” ಎಂದರು.

ಮನೆಗೆ ಹೋಗುವಾಗ ವ್ಯಾಪಾರಿ ಎತ್ತಿಕೊಳ್ಳಲು ಬಾಗಿದರೆ ಮಗು ಕೊಸರಿಕೊಂಡಿತು. ಇಡೀ ಪೇಟೆಬೀದಿಯನ್ನು ಅದು ನಡೆದೇ ದಾಟಿತು. ಅಂಗಡಿಯವರು ಗಲ್ಲಾ ಬಿಟ್ಟು ಬಾಗಿಲಿಗೆ ಬಂದು ನಿಂತರು.

“ಏನು ಸಾಹುಕಾರರೇ, ಸೊಂಟ ಖಾಲಿ ಕಾಣುತ್ತದೆ?” ಎಂದ ಒಬ್ಬ.

“ಖಾಲಿ ಇದೆ. ಬಾಡಿಗೆಗೆ ಕೊಡುವುದಿಲ್ಲ,” ಎಂದ ವ್ಯಾಪಾರಿ. ಅವನ ಎದೆ ಯಾವ ಪೈಲ್ವಾನನ ಎದೆಗೂ ಕಡಿಮೆಯಿಲ್ಲದಂತೆ ಉಬ್ಬಿತ್ತು.

ಮನೆ ತಲುಪಿದ ಮೇಲೆ ಮಗು ಮೊದಲು ಹೊಸ್ತಿಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿತು. ಆಮೇಲೆ ಕಂಬವನ್ನು. ಆಮೇಲೆ ಬೀಸುವ ಕಲ್ಲನ್ನು. ಏಟು ತಿಂದವರನ್ನೆಲ್ಲ ಒಬ್ಬರನ್ನೂ ಬಿಡದೆ ಮಾತಾಡಿಸಿತು. ಬೆಕ್ಕು ಮಾತ್ರ ಸಿಗಲಿಲ್ಲ. ಅದು ಆ ಅಪ್ಪಮಗನನ್ನು ಇನ್ನೂ ನಂಬಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಆರತಿ ತಟ್ಟೆ ತರಲು ಒಳಗೆ ಓಡಿದಳು.

ಗುರುಗಳು ಕತೆ ನಿಲ್ಲಿಸಿದರು.

ಚನ್ನಮಲ್ಲ ಮನಸಾರೆ ನಕ್ಕ. ತಾನು ಕೇಳಲು ಬಂದದ್ದನ್ನೇ ಮರೆತಿದ್ದ. “ಎಂಥ ಹುಚ್ಚು ವ್ಯಾಪಾರಿ, ಗುರುಗಳೇ. ಬಿದ್ದಾಗಲೆಲ್ಲ ಯಾರಾದರೂ ನೆಲಕ್ಕೆ ಹೊಡೆಯುತ್ತಾರೆಯೇ?” ಎಂದ.

ಗುರುಗಳು ಅವನ ಗಂಟುಮೂಟೆಯ ಕಡೆ ನೋಡಿದರು.

“ಮೂರು ಊರಿಗೆ ಹೊಡೆದು ಬಂದಿದ್ದೀಯಲ್ಲಪ್ಪ, ನಿನ್ನ ಕೈ ನೋಯುತ್ತಿಲ್ಲವೇ?”

ಚನ್ನಮಲ್ಲ ತನ್ನ ಅಂಗೈಯನ್ನು ನೋಡಿಕೊಂಡ.