ಹೊನ್ನಾಜಿಯ ಬಳುವಳಿ

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಹೊನ್ನಾಜಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ರಾಜರು ಅವರನ್ನೇ ಧಾರೆ ಎರೆದು, ಕೇಳಿದ್ದನ್ನೂ ಕೊಡುತ್ತಾರೆ. ಒಂದು ತಪ್ಪಿದರೂ ತಲೆದಂಡ!"

ಡಂಗುರದ ಸದ್ದು ಕೆರೆ ಏರಿಯವರೆಗೂ ಕೇಳಿಸಿತು. ಅಲ್ಲಿ ನೀರಗಂಟಿ ಮೈಲಾರ ಅರಮನೆ ಹೆಂಗಸರ ಮೂರು ಸಮಾಧಿಕಲ್ಲುಗಳನ್ನು ತೊಳೆಯುತ್ತಿದ್ದ. ಕೆರೆ ಕಾಯುವುದು, ತೂಬು ಎತ್ತುವುದು, ಈ ಕಲ್ಲು ತೊಳೆಯುವುದು ಅವನ ಮನೆತನದ ಕೆಲಸ. ಒಂದು ಕಲ್ಲು ರಾಜನ ತಾಯಿಯದು, ಎರಡು ಅಕ್ಕಂದಿರವು. ಒಬ್ಬರೂ ನಲವತ್ತು ದಾಟಿರಲಿಲ್ಲ. ಏನಾಗಿ ಹೋದರೆಂದು ಊರಿಗೆಲ್ಲ ಗೊತ್ತು. ಆದರೆ ಬಾಯಿಬಿಟ್ಟವರ ನಾಲಿಗೆ ಉಳಿಯುವುದಿಲ್ಲವೆಂದು ರಾಜನ ಕಟ್ಟಪ್ಪಣೆ.

ಒಗಟು ಕೇಳಿ ಬರೋಣವೆಂದು ಮೈಲಾರನೂ ಅರಮನೆಗೆ ಹೋಗಿ ಗುಂಪಿನ ಹಿಂದೆ ನಿಂತ.

"ಕೇಳದೆ ಬಂದ ಬಳುವಳಿ," ಎಂದಳು ಹೊನ್ನಾಜಿ. "ಕೊಟ್ಟವರಿಗೇ ಕೊಟ್ಟದ್ದು ಗೊತ್ತಿಲ್ಲ. ಬೇಡವೆಂದರೆ ಹಿಂತಿರುಗಿಸಲಾಗದು. ಏನದು?"

"ವಜ್ರದ ಓಲೆ!" ಪಾಳೆಯಗಾರನ ಮಗ ಮೀಸೆ ತಿರುವಿದ.

"ಓಲೆಯಾಗಿದ್ದರೆ ಬಿಚ್ಚಿಡುತ್ತಿದ್ದೆ." ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು.

"ಪೂರ್ವಜನ್ಮದ ಕರ್ಮ," ಎಂದರು ಒಬ್ಬ ಪಂಡಿತರು.

"ಕರ್ಮ ನಾನೇ ಮಾಡಿದ್ದು. ಇದು ಕೊಟ್ಟದ್ದು." ಅವರೂ ಹೋದರು.

ಮೈಲಾರನಿಗೆ ಹೊಳೆಯಿತು. ಈ ಹುಡುಗಿ ಒಗಟು ಕೇಳುತ್ತಿಲ್ಲ, ಯಾರಾದರೂ ಬಾಯಿ ಬಿಡಿ ಎಂದು ಬೇಡುತ್ತಿದ್ದಾಳೆ! ಕಾಲು ತಾನಾಗಿ ಮುಂದೆ ನಡೆಯಿತು.

"ಎದೆಯ ಗಂಟು ತಾಯಿ. ಗಂಟೂ ಅಲ್ಲ, ಗಂಟು ಕಟ್ಟಬಲ್ಲ ರಕ್ತದ ಗುಣ. ನಿಮಗೆ ಕೊಟ್ಟವರು... ಬುದ್ಧಿಯವರೇ."

ಮಗಳ ಪಕ್ಕದಲ್ಲಿ ಕೂತಿದ್ದ ರಾಜ ಕತ್ತಿ ಹಿರಿದ. "ನಾನಾ? ಅದು ಹೆಂಗಸರ ಕಾಯಿಲೆ ಕಣೋ!"

"ಕಾಲುವೇಲಿ ಬೆಳೆ ಬರಲ್ಲ ಬುದ್ಧಿ. ಆದರೂ ನೀರು ಹಾಯೋದು ಅದರಲ್ಲೇ."

"ಉತ್ತರ ಸರಿ!" ಹೊನ್ನಾಜಿ ಎದ್ದೇ ನಿಂತಳು. "ಅಪ್ಪಾಜಿ, ಕತ್ತಿ ಒಳಗೆ. ಎರಡನೆಯದು: ಬಂದರೂ ಬಂದಾನು, ಬರದೆಯೂ ಇದ್ದಾನು, ಅಂಥ ಕಳ್ಳ. ಬೀಗ ಹಾಕೋಣವೆಂದರೆ ಮನೆಯೊಳಗೇ ಹುಟ್ಟುವವನು. ಅವನನ್ನು ಹಿಡಿಯುವವರು ಯಾರು?"

"ಕಾಣೋ ಮುಂಚೆ ಹುಡುಕೋರು. ನಮ್ಮ ಏರಿಯ ಮೂಡಲ ಮೂಲೆ ತಾತನ ಕಾಲದಲ್ಲಿ ಜಿನುಗಿತ್ತು, ಅಪ್ಪನ ಕಾಲದಲ್ಲೂ ಜಿನುಗಿತು. ಒಡೆದೇ ಒಡೆಯುತ್ತೆ ಅಂತ ನಾನು ಅಳುತ್ತಾ ಕೂರಲ್ಲ. ಮಿಕ್ಕ ಏರಿ ವರ್ಷಕ್ಕೊಮ್ಮೆ ನೋಡಿದರೆ, ಆ ಮೂಲೇನ ಹದಿನೈದು ದಿನಕ್ಕೊಮ್ಮೆ ಬರಿಗಾಲಲ್ಲಿ ತುಳಿದು ನೋಡ್ತೀನಿ. ತೇವ ಮೊದಲು ಗೊತ್ತಾಗೋದು ಕಾಲಿಗೆ. ಮೈಗೂ ಹಂಗೇ, ತಿಳಿದವರ ಕೈ ಬೇಕು."

ಹೊನ್ನಾಜಿಯ ದನಿ ಇಳಿಯಿತು. "ಮೂರನೆಯದು. ಒಂದನ್ನು ಈಗಲೇ ಕತ್ತರಿಸಿ ಬಿಟ್ಟುಕೊಟ್ಟರೆ ಭಯ ಬಹಳಷ್ಟು ಕಳೆಯುತ್ತದೆ. ಬಿಟ್ಟುಕೊಡದೆ ಕಾವಲಿದ್ದರೂ ಉಳಿದೇನು. ಯಾವುದು ಸರಿ?"

ಮೈಲಾರ ಕೈ ಮುಗಿದ.

"ನಾನು ಹೇಳಲ್ಲ ತಾಯಿ."

"ತಪ್ಪಿದ! ಎಳೀರೋ!" ರಾಜ ಕೂಗಿದ.

"ಅದೇ ಉತ್ತರ ಬುದ್ಧಿ! ಕೆಲವು ಊರೋರು ಬೇಸಿಗೇಲಿ ತಾವೇ ಏರಿ ಕಡಿದು ಹೊಸದಾಗಿ ಕಟ್ಟುತಾರೆ, ಕೆಲವರು ಕಾಯುತಾರೆ. ಎರಡೂ ಸರಿ. ಆದರೆ ಊರನ್ನ ಕೇಳದೆ ನೀರಗಂಟಿ ಗುದ್ದಲಿ ಹಾಕಬಾರದು. ಇಲ್ಲಿ ಊರೂ ಇವರೇ, ಕೆರೆಯೂ ಇವರೇ. ಎದೆ ತೆಗೆಸೋದೋ ಉಳಿಸಿಕೊಳ್ಳೋದೋ ಇವರೇ ಹೇಳಬೇಕು."

ಹೊನ್ನಾಜಿ ನಕ್ಕಳು, ಕಣ್ಣಲ್ಲಿ ನೀರು ತುಂಬಿಕೊಂಡು. "ಮೂರೂ ಸರಿ! ಸದ್ಯಕ್ಕೆ ಕಾವಲು. ಮಿಕ್ಕದ್ದು ಆಮೇಲೆ ನಾನೇ ಹೇಳುತ್ತೇನೆ."

"ಏನು ಬೇಕು ಕೇಳಪ್ಪ," ಎಂದ ರಾಜ. ಕತ್ತಿ ಯಾವಾಗಲೋ ಕೈಜಾರಿತ್ತು.

"ಸೆರೆಯಲ್ಲಿರೋ ಇಬ್ಬರನ್ನೂ ಬಿಡಿ. ಆ ಮಾತಿನ ಮೇಲಿರೋ ಕಟ್ಟಪ್ಪಣೆ ತೆಗೀರಿ."

ರಾಜ ಸಭೆಗೆಲ್ಲ ಕೇಳುವಂತೆ, "ನನ್ನವ್ವ ಎದೆಗಂಟಿನಿಂದ ಸತ್ತಳು. ಅಕ್ಕಂದಿರೂ," ಎಂದ. ಜಾಲಂಧ್ರದ ಹಿಂದೆ ಆ ಅಕ್ಕಂದಿರ ನಾಲ್ವರು ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಎದ್ದರು. ಅರಮನೆಯ ಮುದಿ ವೈದ್ಯೆ ಸಾತವ್ವ ಅವರನ್ನು ಮುಟ್ಟಿ ನೋಡುವ ಮುನ್ನ ಕೈ ತೊಳೆಯಲು ನೀರು ತರಿಸಿದಳು.

"ಮದುವೆ ವಿಚಾರ?" ಹೊನ್ನಾಜಿ ಮೈಲಾರನನ್ನು ಕೇಳಿದಳು.

"ಅದಕ್ಕೂ ಊರನ್ನೇ ಕೇಳಬೇಕು ತಾಯಿ."

"ಊರು ಒಪ್ಪಿದೆ. ಇನ್ನು ತಾಯಿ ಅನ್ನಬೇಡ ಮಾರಾಯ!"

ಹೊನ್ನಾಜಿಗೆ ನಲವತ್ತೊಂದಾದಾಗ ಸಾತವ್ವನ ಶಿಷ್ಯೆಯ ಬೆರಳಿಗೆ ಸಾಸಿವೆಯಷ್ಟು ಗಂಟು ಸಿಕ್ಕಿತು. ತೆಗೆಯಲು ಹೊನ್ನಾಜಿ ಅಂದೇ ಹೂಂ ಎಂದಳು, ಗಂಟು ಅಷ್ಟಿರುವಾಗಲೇ ತೆಗೆದುಹಾಕಿದರು. ಅವಳ ತಲೆ ನರೆಯಿತು, ಹಲ್ಲು ಬಿದ್ದವು. ಆ ವಂಶದ ಹೆಣ್ಣುಮಕ್ಕಳಲ್ಲಿ ಮೊಮ್ಮಕ್ಕಳ ಬಾಯಲ್ಲಿ ಅಜ್ಜಿ ಎನಿಸಿಕೊಂಡ ಮೊದಲನೆಯವಳು ಅವಳೇ.