ಎಡ ಮೂಗಿಗೆ ಬಂದ ನೆಂಟರು

ವೈರಸ್ ಜ್ವರದಿಂದ ಆಸ್ಪತ್ರೆಯಲ್ಲಿ ಮಲಗಿದ್ದ ಬಸಲಿಂಗಪ್ಪ ಮೇಷ್ಟರ ಎಡ ಮೂಗಿನಲ್ಲಿ ಕಾವಲಿಗೆ ಒಂದೇ ಒಂದು ಬಿಳಿ ರಕ್ತಕಣ ಉಳಿದಿದೆ ಎಂಬ ಆಘಾತಕಾರಿ ಸುದ್ದಿ ಹೊರಬಿತ್ತು. ಮಿಕ್ಕವೆಲ್ಲ ವೈರಸ್ಸಿನ ಜೊತೆ ಕಾದಾಡಲು ಎದೆಗೆ ಹೋಗಿದ್ದವು.

ಕೂಡಲೇ ಒಂದು ಚೂರು ಬೂಷ್ಟು ಉಸಿರಿನೊಂದಿಗೆ ಒಳಗೆ ಬಂತು.

“ಯಜಮಾನರಿಗೆ ಹುಷಾರಿಲ್ಲವಂತೆ, ನೋಡಿಕೊಂಡು ಹೋಗೋಣವೆಂದು ಬಂದೆ.”

“ಇಷ್ಟು ವರ್ಷ ಬರಲಿಲ್ಲವಲ್ಲ?” ಎಂದಿತು ಕಾವಲಿನ ಬಿಳಿಕಣ.

“ನಮ್ಮವರು ದಿನವೂ ಬರುತ್ತಿದ್ದರು ಅಣ್ಣ. ನೀವೇ ಬಾಗಿಲಲ್ಲಿ ನುಂಗುತ್ತಿದ್ದಿರಿ.”

ಒಂಟಿ ಬಿಳಿಕಣಕ್ಕೆ ಈಗ ನುಂಗುವ ಶಕ್ತಿ ಇರಲಿಲ್ಲ. ಬೂಷ್ಟು ಮೂಗಿನಲ್ಲಿ ಬೇರೂರಿ ಮೇಲಕ್ಕೆ ಹಬ್ಬಿದರೆ ಮೇಷ್ಟರ ಕಣ್ಣೇ ಹೋಗುತ್ತಿತ್ತು.

“ಕೂತುಕೊಳ್ಳಿ, ಏನಾಯಿತೆಂದು ಹೇಳುತ್ತೇನೆ,” ಎಂದು ಬಿಳಿಕಣ ಮೊದಲ ಸೀನಿನಿಂದ ಶುರು ಮಾಡಿತು. ರೋಗಿಯನ್ನು ನೋಡಲು ಬಂದವರು ಪೂರ್ತಿ ಕೇಳದೆ ಏಳುವಂತಿಲ್ಲ. ಬೂಷ್ಟು “ಅಯ್ಯೋ ಪಾಪ” ಎನ್ನುತ್ತಾ ಕೂತಿತು. ಕಷಾಯವಾಯಿತು, ಮಾತ್ರೆಯಾಯಿತು, ಡಾಕ್ಟರನ್ನು ಬದಲಾಯಿಸಿದ್ದೂ ಆಯಿತು. ಕಥೆ ಎರಡನೇ ಎಕ್ಸ್‌ರೇಗೆ ಬರುವಷ್ಟರಲ್ಲಿ ಎದೆಯ ಯುದ್ಧ ಗೆದ್ದು ಉಳಿದ ಬಿಳಿಕಣಗಳು ಮರಳಿದವು.

“ಇವರು ಯಾರು?”

“ಯಜಮಾನರನ್ನು ನೋಡಲು ಬಂದವರು. ನಿಮ್ಮದೆಲ್ಲ ಊಟ ಆಯಿತೆ?”

“ಇನ್ನೂ ಇಲ್ಲ.”

ಮೇಷ್ಟರು ಸೋಮವಾರ ಮನೆಗೆ ಹೋದರು. ಎರಡೂ ಕಣ್ಣು ಸರಿಯಾಗಿವೆ.